ಕೈ ಹಾಕಿದವನು ಕಿವಿ ಕೊಡಬಾರದು

ನಮ್ಮಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ತಮ್ಮನಿಗೆ ಒಂಬತ್ತು ವರ್ಷ ಇದ್ದಾಗ, ಗಿರಾಕಿಯ ಗಾಡಿ ಬೀಳಿಸಿದ ಅಂತ ಅಪ್ಪ ಬಲಗೈಲಿ ಕಪಾಳಕ್ಕೆ ಬಿಟ್ಟ ಒಂದೇ ಏಟಿಗೆ ಅವನ ಎಡಗಿವಿ ಸತ್ತುಹೋಯ್ತು. ಆವತ್ತಿಂದ ಬೀದಿಗೆಲ್ಲ ಅವನು ಒಂಟಿಕಿವಿ. ನಾನು ಎಡಚ. ಸ್ಪ್ಯಾನರ್ ಹಿಡಿಯೋದೂ ಎಡಗೈಲಿ, ಹೊಡೆಯೋದೂ ಎಡಗೈಲಿ. ಅಪ್ಪನ ಗ್ಯಾರೇಜು ಇಬ್ಬರಿಗೂ ಬಂತು, ಅಪ್ಪನ ಸಿಟ್ಟು ಮಾತ್ರ ಪೂರ್ತಿ ನನ್ನ ಪಾಲಿಗೇ ಬಂತು.

ಉಳಿದಿತ್ತಲ್ಲ ಆ ಒಂದು ಕಿವಿ, ಅದರ ಮಾತೇ ಬೇರೆ. ಉದ್ದನೆ ಸ್ಕ್ರೂಡ್ರೈವರಿನ ತುದೀನ ಇಂಜಿನ್ನಿಗೆ ಒತ್ತಿ, ಹಿಡೀನ ಬಲಗಿವಿಗೆ ಆನಿಸಿಕೊಂಡ ಅಂದರೆ ಯಾವ ಬೇರಿಂಗು ಸವೆದಿದೆ, ಯಾವ ವಾಲ್ವು ಬಡೀತಿದೆ, ಬಿಚ್ಚದೇ ಹೇಳೋನು. ನಾನು ಕಿಕ್ ಹೊಡೆಯೋ ಮುಂಚೇನೇ ಕಣ್ಣು ಮುಚ್ಚಿ ನಿಲ್ಲೋದು ಅವನ ಅಭ್ಯಾಸ. ಮನೆ ನಡೀತಿದ್ದದ್ದೇ ಆ ಕಿವಿಯಿಂದ ಅಂದರೆ ಸುಳ್ಳಲ್ಲ.

ಗ್ಯಾರೇಜಿಗೆ ಅಪ್ಪ ಒಂದು ಕಟ್ಟಳೆ ಮಾಡಿಟ್ಟಿದ್ದ: ಕೈ ಹಾಕಿದವನು ಕಿವಿ ಕೊಡಬಾರದು. ರಿಪೇರಿ ನಾನು ಮಾಡಿದ್ದರೆ ಸದ್ದು ಹುಡುಕೋನು ತಮ್ಮ, ಅವನು ಮಾಡಿದ್ದರೆ ನಾನು. ಹೆತ್ತವರಿಗೆ ಹೆಗ್ಗಣ ಮುದ್ದು, ತನ್ನ ಕೆಲಸದ ತಪ್ಪು ತನಗೆ ಕೇಳಿಸಲ್ಲ ಅನ್ನೋದು ಅಪ್ಪನ ಲೆಕ್ಕ.

ಒಂದು ದಿನ ಬೆಳಿಗ್ಗೆ ನಮ್ಮೂರ ಶಾಲೆ ಮೇಷ್ಟ್ರು ಹಳೇ ಬೈಕನ್ನ ಮೂರನೇ ಸಲ ತಳ್ಳಿಕೊಂಡು ಬಂದರು. ಮೂವತ್ತು ವರ್ಷದ ಗಾಡಿ. ಎರಡು ತಿಂಗಳ ಹಿಂದೆ ಅದರ ಕುತ್ತಿಗೆ, ಅಂದರೆ ಮುಂದಿನ ಫೋರ್ಕು ಚಾಸಿಗೆ ಕೂರೋ ಜಾಗ, ಸೀಳು ಬಿಟ್ಟಿತ್ತು. ವೆಲ್ಡಿಂಗ್ ಮಾಡಿದ್ದು ನಾನೇ. "ಈಗ ಹಳ್ಳ ಬಂದಾಗೆಲ್ಲ ಕಟಕ್ ಅನ್ನುತ್ತೆ, ದಿನಾ ಮಗಳನ್ನ ಹಿಂದೆ ಕೂರಿಸಿಕೊಂಡು ಹೋಗೋನು ನಾನು, ಜೀವ ಕೈಲಿ ಹಿಡ್ಕೊಂಡು ಓಡಿಸಬೇಕಾಗಿದೆ" ಅಂತ ಮೇಷ್ಟ್ರು ಗೋಳಾಡಿದರು.

ತಮ್ಮ ಇಂಜಿನ್ನಿಗೆ ಸ್ಕ್ರೂಡ್ರೈವರ್ ಇಟ್ಟ, ತಲೆ ಅಲ್ಲಾಡಿಸಿದ. ಚೈನ್ ಕವರಿಗೆ ಇಟ್ಟ. ಆಮೇಲೆ ನನ್ನ ಕೈಲಿ ಮುಂದಿನ ಬ್ರೇಕು ಹಿಡಿಸಿ, ಗಾಡೀನ ಹಿಂದಕ್ಕೂ ಮುಂದಕ್ಕೂ ಜಗ್ಗಿಸಿ, ಕುತ್ತಿಗೆಗೆ ಇಟ್ಟು ಕೇಳಿದ. ಮೇಷ್ಟ್ರ ಎದುರಿಗೆ, ಇನ್ನಿಬ್ಬರು ಗಿರಾಕಿಗಳ ಎದುರಿಗೆ ಹೇಳಿದ:

"ಅಣ್ಣಾ, ಇಂಜಿನ್ ಮುಟ್ಟಬೇಡ. ಬಿಟ್ಟಿರೋದು ನಿನ್ನ ವೆಲ್ಡಿಂಗು."

ಸದ್ದು ಇಂಜಿನ್ನಿನ ಒಳಗಿನ ಪಿಸ್ಟನ್ ಪಿನ್ನಿಂದು ಅಂದೆ ನಾನು. ಅವನು ಅಪ್ಪನ ಕಟ್ಟಳೆ ನೆನಪು ಮಾಡಿದ. ಮೇಷ್ಟ್ರು ಮೀಸೆಯಡಿ ಸಣ್ಣಗೆ ನಕ್ಕರು. ಅಷ್ಟೇ ಸಾಕಾಯ್ತು, ನನ್ನ ಪಿತ್ತ ನೆತ್ತಿಗೇರಿತು. ಕೈಲಿದ್ದ ಸ್ಪ್ಯಾನರ್ ಬೀಸಿ ಒಗೆದೆ, ಅದು ಪಕ್ಕದ ಗಾಡಿಯ ಹೆಡ್‌ಲೈಟು ಒಡೀತು. ತಮ್ಮ ನನ್ನನ್ನ ತಳ್ಳಿದ. ನಾನು ಅವನ ಕೊರಳಪಟ್ಟಿ ಹಿಡಿದು ಶಟರಿಗೆ ಬಡಿದೆ, ಒಂದು ಸಲ, ಎರಡು ಸಲ. ಅವನು ನನ್ನ ಮಣಿಕಟ್ಟು ಕಚ್ಚಿದ. ಮೊಣಕಾಲಲ್ಲಿ ಹೊಟ್ಟೆಗೆ ಒದ್ದೆ. ಬಿಡಿಸೋಕೆ ಬಂದ ಮೇಷ್ಟ್ರನ್ನ ನೂಕಿದ ರಭಸಕ್ಕೆ ಅವರು ಹಳೇ ಆಯಿಲ್ ತಟ್ಟೆಯಲ್ಲಿ ಕೂತುಬಿಟ್ಟರು.

ತಮ್ಮ ಎದ್ದ. ತುಟಿಯ ರಕ್ತ ತೋಳಿಗೆ ಒರೆಸಿಕೊಂಡು, ಮೆತ್ತಗೇ ಹೇಳಿದ: "ಇನ್ನೂ ನಾಕು ಹಾಕು. ಆದರೆ ಆ ವೆಲ್ಡಿಂಗು ನೋಡು. ಮಗು ಬೀಳುತ್ತೆ, ಅಣ್ಣ."

ಆಗ ಹೊಡೆದೆ. ಅಂಗೈ ಅಗಲಿಸಿ, ಮೈಯೆಲ್ಲ ಬಲ ಹಾಕಿ.

ಅವನು ಮಂಡಿಯೂರಿ ಕೂತ. ಕಿವಿಯಿಂದ ರಕ್ತ ಇಳಿದು ಕುತ್ತಿಗೆಗೆ ಬಂತು. ನನ್ನ ಬಾಯಿ ಆಡ್ತಿರೋದನ್ನೇ ನೋಡ್ತಾ ಇದ್ದ. ಗಲಾಟೆ ಕೇಳಿ ಹಿತ್ತಿಲ ಮನೆಯಿಂದ ನನ್ನ ಹೆಂಡತಿ ಓಡಿಬಂದಳು, ಮೈದುನನ ರಟ್ಟೆ ಹಿಡಿದು ಎಬ್ಬಿಸಿ ಆಟೋ ಹತ್ತಿಸಿದಳು. ನಾನು ಹಿಂದೆ ಹೋಗಲಿಲ್ಲ. ಹಾಳಾದ ಹಟ.

ಶಟರ್ ಅರ್ಧ ಎಳೆದು ಇಂಜಿನ್ ಬಿಚ್ಚೋಕೆ ಕೂತೆ. ಮೂರು ಗಂಟೆ ಹೊತ್ತು ಹಿಡೀತು. ಪಿಸ್ಟನ್ ಪಿನ್ನು ಗಟ್ಟಿಯಾಗಿತ್ತು. ರಿಂಗು ಸರಿ, ಬೇರಿಂಗು ಸರಿ. ಒಂದೊಂದು ಸರಿ ಅಂತ ಕಂಡಾಗಲೂ ಸುತ್ತಿಗೆ ಎತ್ತಿ ಬೆಂಚಿಗೆ ಕುಟ್ಟಿದೆ, ಹಲಗೆ ಸೀಳೋವರೆಗೂ ಕುಟ್ಟಿದೆ. ಕೊನೆಗೆ ಬೇರೆ ದಾರಿ ಇಲ್ಲದೆ ಆ ಕುತ್ತಿಗೆಗೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಚಾಕ್‌ಪೀಸು ಉಜ್ಜಿದೆ. ಸೀಳಿದ್ದರೆ ಒಳಗಿಳಿದ ಎಣ್ಣೆ ಚಾಕಿನ ಮೇಲೆ ಗೆರೆಯಾಗಿ ಏಳುತ್ತೆ. ಎದ್ದಿತು. ನನ್ನ ವೆಲ್ಡಿಂಗಿನ ಅಂಚಿಗೇ, ಎರಡು ಬೆರಳಷ್ಟು ಉದ್ದ.

ಆ ಗೆರೆ ನೋಡ್ತಾ ಇರುವಾಗ ನನ್ನ ಎಡ ಅಂಗೈ ಉರೀತಿರೋದು ಗೊತ್ತಾಯ್ತು. ಎಡಗೈ. ಎದುರಿಗೆ ನಿಂತವನಿಗೆ ಎಡಗೈಲಿ ಹೊಡೆದರೆ ಏಟು ಬೀಳೋದು ಯಾವ ಕಿವಿಗೆ ಅನ್ನೋದು ಆಗ ಹೊಳೀತು. ಅಲ್ಲೇ ನೆಲಕ್ಕೆ ಕೂತು ಗೊಳೋ ಅಂತ ಅತ್ತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಅಂತ ಅಮ್ಮ ಅಪ್ಪನಿಗೆ ಹೇಳ್ತಿದ್ದದ್ದನ್ನ ಚಿಕ್ಕಂದಿನಲ್ಲಿ ನಾನು ಅಲ್ಲೇ ನಿಂತು ಕೇಳಿಸಿಕೊಂಡಿದ್ದೆ.

ಒಳಗಿನ ನರಕ್ಕೇ ಪೆಟ್ಟು ಬಿದ್ದಿದೆ, ಆಸೆ ಇಟ್ಟುಕೊಳ್ಳಬೇಡಿ ಅಂದರಂತೆ ಡಾಕ್ಟರು. ಹೆಂಡತಿ ನನ್ನ ಮುಖ ನೋಡದೆ, ಗೋಡೆಗೆ ಹೇಳೋ ಹಾಗೆ ಹೇಳಿದಳು. ತಮ್ಮನ ಕಾಲು ಹಿಡಿದೆ. ಕಾಲು ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದ.

ಮೇಷ್ಟ್ರ ಗಾಡಿಗೆ ಬೇರೆ ಚಾಸಿ ತಂದು ಕೂರಿಸಿದೆ, ಇಂಜಿನ್ ಜೋಡಿಸಿದೆ. ಕೈ ಹಾಕಿದವನು ನಾನು, ಆದ್ದರಿಂದ ನಾನೇ ಸದ್ದು ಕೇಳಿ ಗಾಡಿ ಕೊಟ್ಟುಬಿಡೋಕೆ ಧೈರ್ಯ ಬರಲಿಲ್ಲ. ಗಾಡಿ ಹಾಗೇ ನಿಂತಿತ್ತು. ಹದಿನೆಂಟನೇ ದಿನ, ಮಧ್ಯಾಹ್ನ, ತಮ್ಮ ತಾನಾಗೇ ಗ್ಯಾರೇಜಿಗೆ ಬಂದ. ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ. ಮೊಳೆಯಿಂದ ತನ್ನ ಸ್ಕ್ರೂಡ್ರೈವರ್ ಇಳಿಸಿ ಗಾಡಿ ಪಕ್ಕ ನಿಂತ, ಕಣ್ಣು ಮುಚ್ಚಿದ.

ನಾನು ಕಿಕ್ ಹೊಡೆದೆ. ಮೊದಲನೇ ಕಿಕ್ಕಿಗೇ ಹತ್ತಿಕೊಂಡು ಗಾಡಿ ಗುಡುಗಿತು, ತಗಡಿನ ಸೂರು ಅದುರಿತು. ಬೀದಿಯಾಚೆಯ ದರ್ಜಿ ತಲೆ ಎತ್ತಿ ನೋಡಿದ.

ತಮ್ಮ ಕಣ್ಣು ಮುಚ್ಚಿಕೊಂಡೇ ಕಾಯ್ತಾ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಹೇಳಿದ:

"ಯಾಕಣ್ಣಾ ತಡ? ಸ್ಟಾರ್ಟ್ ಮಾಡು."

ನಾನು ಅವನ ಕೈ ಹಿಡಿದು ಅದುರ್ತಿದ್ದ ಟ್ಯಾಂಕಿನ ಮೇಲೆ ಇಟ್ಟೆ.