ಗ್ರೂಪಿನಲ್ಲಿ ಕೂಗಿದ ಹೆಸರು

ಊರಿಗೊಂದು ವಾಟ್ಸಪ್ ಗ್ರೂಪ್ ಇರಲಿ ಎಂದು ಮೊದಲು ಬಾಯಿಬಿಟ್ಟವನೇ ಕದಿರೇಶ. ಸುಗಟೂರಿನ ಹೊರಗೆ ಅವನ ಹಿಪ್ಪುನೇರಳೆ ತೋಟ. ಬದುವಿನಾಚೆ ಮುನಿಕೃಷ್ಣನ ಟೊಮೆಟೊ. ಟೊಮೆಟೊಗೆ ಔಷಧಿ ಹೊಡೆಯದೆ ವಿಧಿಯಿಲ್ಲ, ಅದೇ ಔಷಧಿ ಗಾಳಿಗೆ ತೂರಿ ಸೊಪ್ಪಿನ ಮೇಲೆ ಕೂತರೆ ರೇಷ್ಮೆ ಹುಳು ಉಳಿಯುವುದಿಲ್ಲ. ಅದಕ್ಕೇ ಔಷಧಿ ಹೊಡೆಯುವವನು ಹಿಂದಿನ ದಿನ ಬದುವಿನ ಮೇಲೆ ನಿಂತು ಪಕ್ಕದವನನ್ನು ಹೆಸರು ಹಿಡಿದು ಕೂಗಬೇಕು. ಅವನು ‘ಓ’ ಎನ್ನುವ ತನಕ ಪಂಪು ಬೆನ್ನಿಗೇರಿಸುವಂತಿಲ್ಲ. ಅಪ್ಪಂದಿರ ಕಾಲದಿಂದ ಬಂದ ಕಟ್ಟಳೆ ಅದು. ಹೀಗೆ ಗಂಟಲು ಹರಿದುಕೊಳ್ಳುವುದೇಕೆ, ಫೋನಿನಲ್ಲಿ ಒಂದು ಮಾತು ಹಾಕಿದರೆ ಸಾಲದೇ ಎಂದ ಕದಿರೇಶ. ಹಾಲಿನ ಡೇರಿಯ ನಂದೀಶ ಗ್ರೂಪ್ ಮಾಡಿದ, ಎಲ್ಲರೂ ಸೇರಿದರು, ಬದುವಿನ ಕೂಗು ನಿಂತುಹೋಯಿತು.

ಮೊದಮೊದಲು ಚೆನ್ನಾಗಿಯೇ ಇತ್ತು. ಮೋಟಾರಿಗೆ ಕರೆಂಟ್ ಯಾವಾಗ, ಡೇರಿಗೆ ಹಿಂಡಿ ಬಂತೇ, ಯಾರ ಕರು ಹಗ್ಗ ಕಿತ್ತುಕೊಂಡು ಹೋಗಿದೆ. ಆಮೇಲೆ ಚುನಾವಣೆ ಬಂತು. ಹಿಂಡಿಯೂ ಹೋಯಿತು, ಕರುವೂ ಹೋಯಿತು, ಬೆಳಗೆದ್ದರೆ ಬರೀ ಲೀಡರುಗಳ ಮುಖ. ಇವರು ಅವರನ್ನು ದೇಶದ್ರೋಹಿಗಳು ಎಂದರು, ಅವರು ಇವರನ್ನು ಗುಲಾಮರು ಎಂದರು. ಎದುರಿಗೆ ಸಿಕ್ಕರೆ ‘ಊಟ ಆಯ್ತಾಣ್ಣ’ ಎಂದು ಕೇಳುವ ಬಾಯಿಗಳೇ ಇವೆಲ್ಲ, ಬೇರೆ ಊರಿನವೇನಲ್ಲ. ಫಲಿತಾಂಶ ಬಂದು, ಗೆದ್ದವರೂ ಸೋತವರೂ ಯಾವುದೋ ಮದುವೆಯಲ್ಲಿ ಅಕ್ಕಪಕ್ಕ ಕೂತು ಹೋಳಿಗೆ ತಿಂದರು. ನಮ್ಮವರ ಕಾದಾಟ ಮಾತ್ರ ಮುಗಿಯಲಿಲ್ಲ.

ಒಂದು ದಿನ ಕದಿರೇಶ ಹುಳು ಮನೆಯಲ್ಲಿ ನಿಂತೇ, ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಹೀಗೆ ಕಳಿಸಿದ: ‘ಅಣ್ಣಂದಿರೇ, ಕೆರೆ ತೂಬು ಕೆಟ್ಟು ನೀರೆಲ್ಲ ಪೋಲಾಗ್ತಿದೆ. ಎರಡೂ ಕಡೆಯವರು ಒಂದು ಸಲ ಕೂತು ಮಾತಾಡೋಣ. ಯಾರನ್ನ ಕೇಳ್ಬೇಕು, ಹೆಂಗೆ ರಿಪೇರಿ ಮಾಡಿಸ್ಬೇಕು ಹೇಳಿ. ನಾನೂ ಜೊತೆಗೆ ಬರ್ತೀನಿ.’

ಕಳಿಸಿದ ಬೆರಳನ್ನು ಇನ್ನೂ ಎತ್ತಿರಲಿಲ್ಲ. ‘ನಮ್ಮವರು ಗೆದ್ದ ಮೇಲೆ ನಿಂಗೆ ತೂಬು ಕಾಣಿಸ್ತಾ?’ ಎಂದು ಚಂದ್ರು. ‘ಅವರ ಪರ ನಾಟಕ ಆಡ್ಬೇಡ’ ಎಂದು ಎದುರು ಪಾರ್ಟಿಯ ಆಂಜಿ. ತೂಬಿನ ಬಗ್ಗೆ ಒಬ್ಬನಾದರೂ ಸೊಲ್ಲೆತ್ತಿದ್ದರೆ ಕೇಳಿ. ಕದಿರೇಶ ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ, ಆದರೆ ಕೊನೆಗೆ ಆಂಜಿಯ ಕಡೆಯವನೇ ಆದ ಮುನಿಕೃಷ್ಣನ ಮಾತು ಬಂತು: ‘ಎಷ್ಟು ಕೊಟ್ರು ಕದಿರೇಶ್ ಅವರೇ?’

ಒಂದೇ ಬೆಂಚಿನಲ್ಲಿ ಕೂತು ಓದಿದವನು ಮುನಿಕೃಷ್ಣ. ಹುಟ್ಟಿದಾಗಿನಿಂದ ‘ಒರೇ ಕದಿರೇಶಾ’ ಎಂದು ತೆಲುಗಿನಲ್ಲೇ ಕೂಗಿದವನು. ದುಡ್ಡಿನ ಮಾತಿಗಿಂತ ಆ ‘ಅವರೇ’ ಎನ್ನುವುದು ಕದಿರೇಶನ ಎದೆಗೆ ನಾಟಿತು. ಅವನು ಯಾರಿಗೂ ಹೇಳದೆ ಗ್ರೂಪಿನಿಂದ ಹೊರಗೆ ಬಂದ.

ಹೊರಗೆ ಬಂದರೆ ಸುಖವಾಗುತ್ತದೆ ಎಂದುಕೊಂಡಿದ್ದ ಪಾಪ. ಈ ಕಡೆಯವರು ಅವನನ್ನು ಆ ಕಡೆಯವನೆಂದರು, ಆ ಕಡೆಯವರು ಈ ಕಡೆಯವನೆಂದರು. ಅವನು ಟೀ ಅಂಗಡಿಗೆ ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಹೆಂಡತಿ ತ್ರಿವೇಣಿ ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ಸು ಹತ್ತಿ ಹೋಗುತ್ತಿದ್ದಳು, ಶಿಫ್ಟು ಮುಗಿಸಿ ಬಂದವಳಿಗೆ ನಿದ್ದೆಯೇ ಊಟ. ದಿನವೆಲ್ಲ ಅವನ ಜೊತೆಗಿದ್ದದ್ದು ಹುಳುಗಳು ಮಾತ್ರ. ಬದುವಿನಾಚೆ ಮುನಿಕೃಷ್ಣನ ಟವೆಲು ಕಂಡರೆ ಇವನು ಬಗ್ಗಿ ಸೊಪ್ಪು ಕೊಯ್ಯುತ್ತಿದ್ದ, ಇವನು ಕಂಡರೆ ಅವನು ಬಗ್ಗಿ ಕಳೆ ಕೀಳುತ್ತಿದ್ದ. ಕದಿರೇಶನಿಗೆ ಅವನ ಮೇಲೆ ಸಿಟ್ಟಿತ್ತು, ನಿಜ. ಸಿಟ್ಟಿಗಿಂತ ಹೆಚ್ಚಾಗಿ ಅವನು ಬೇಕೆನಿಸುತ್ತಿತ್ತು.

ಆ ಸಲದ ಹುಳು ನೋಡಿದವರ ಕಣ್ಣು ತಾಗುವಷ್ಟು ಚೆನ್ನಾಗಿ ಬಂದಿತ್ತು. ನಾಲ್ಕನೇ ಜ್ವರ ದಾಟಿ, ಕೊನೆಯ ಸಲ ಪೊರೆ ಕಳಚಿ, ಬೆರಳಿನಷ್ಟು ದಪ್ಪವಾಗಿ, ಇನ್ನೇನು ಹಣ್ಣಾಗಿ ಗೂಡು ಕಟ್ಟುವುದರಲ್ಲಿದ್ದವು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆ ತರಲು ಕದಿರೇಶ ಬೆಳಿಗ್ಗೆಯೇ ಕೋಲಾರಕ್ಕೆ ಹೋದ. ಹಿಂದಿರುಗಿದವನೇ ಗಡಿಬಿಡಿಯಲ್ಲಿ ಬದುವಿನ ಪಕ್ಕದ ಸಾಲುಗಳಿಂದ ಸೊಪ್ಪು ಕೊಯ್ದು ತಂದು ಹಾಕಿದ. ಈಗಿನ ಔಷಧಿಗಳಿಗೆ ಹಾಳಾದ್ದು ವಾಸನೆಯೂ ಇರುವುದಿಲ್ಲ.

ಹೊತ್ತು ಇಳಿಯುವುದರೊಳಗೆ ಹುಳುಗಳು ತಲೆಯೆತ್ತಿ ಒದ್ದಾಡತೊಡಗಿದವು. ಹಸಿರು ನೀರು ಕಕ್ಕಿ, ಮುರುಟಿ, ಸೊಪ್ಪಿನಿಂದ ಜಾರಿ ನೆಲಕ್ಕೆ ಬಿದ್ದವು. ಹುಳು ಸಾಕುವವನಿಗೆ ಅದು ಔಷಧಿಯ ವಿಷವೆಂದು ಯಾರೂ ಹೇಳಬೇಕಾಗಿಲ್ಲ. ಕದಿರೇಶ ಓಡಿಹೋಗಿ ಬದುವಿನ ಮೇಲೆ ನಿಂತು, ಎಷ್ಟೋ ತಿಂಗಳ ಮೇಲೆ ಆ ಹೆಸರು ಕೂಗಿದ.

“ಮುನಿಕೃಷ್ಣಾ! ಹೊಡ್ದು ಸಾಯಿಸ್ಬಿಟ್ಯಲ್ಲೋ!”

ಮುನಿಕೃಷ್ಣ ಬಿದ್ದಂಬೀಳ ಓಡಿಬಂದ. ಹುಳು ಮನೆಯ ಬಾಗಿಲವರೆಗೆ ಬಂದು, ಅಲ್ಲೇ ನಿಂತುಬಿಟ್ಟ. ಔಷಧಿ ಮುಟ್ಟಿದವನು ಆ ಹೊಸ್ತಿಲು ದಾಟುವಂತಿಲ್ಲ. ಕತ್ತು ಚಾಚಿ ಒಳಗೆ ನೋಡಿದವನ ಮುಖ ಕಪ್ಪಿಟ್ಟಿತು.

“ನಿನ್ನೆನೇ ಹೇಳಿದ್ನಲ್ಲೋ,” ಎಂದ.

“ಯಾರಿಗೆ ಹೇಳ್ದೆ?”

“ನಿಂಗೇ ಕಣೋ. ಗ್ರೂಪಲ್ಲಿ.”

“ಆ ಗ್ರೂಪ್ ನಾನು ಬಿಟ್ಟು ಎಷ್ಟು ಕಾಲ ಆಯ್ತು!”

ಮುನಿಕೃಷ್ಣನಿಗೆ ಅದು ಗೊತ್ತೇ ಇರಲಿಲ್ಲ. ಕದಿರೇಶ ಹೊರಗೆ ಹೋದನೆಂಬ ಸಾಲು ಆವತ್ತಿನ ಬೈಗುಳಗಳ ಅಡಿಯಲ್ಲಿ ಹೂತುಹೋಗಿತ್ತು. ಅವನು ಫೋನು ತೆಗೆದು, ನಿನ್ನೆ ಮಾತಾಡಿ ಕಳಿಸಿದ್ದನ್ನು ಒತ್ತಿದ. ಅವನದೇ ದನಿ ಕೇಳಿಸಿತು, ಮೊದಲಿನಂತೆ ಮೆತ್ತಗೆ: “ಒರೇ ಕದಿರೇಶಾ, ನಾಳೆ ಬೆಳಿಗ್ಗೆ ಟೊಮೆಟೊಗೆ ಔಷಧಿ ಹೊಡೀತೀನಿ. ಬದೂ ಪಕ್ಕದ ಸೊಪ್ಪು ಇವತ್ತೇ ಕೊಯ್ಕೊಂಬಿಡು, ಆಮೇಲೆ ಆ ಸಾಲು ಮುಟ್ಬೇಡ. ಆವತ್ತು ಏನೋ ಬಾಯಿಗೆ ಬಂದಂಗೆ ಅಂದ್ಬಿಟ್ಟೆ, ಮನಸಲ್ಲಿ ಇಟ್ಕೋಬೇಡ ಕಣೋ.”

ಕೆಳಗೆ ಊರಿನವರೆಲ್ಲ ಹೆಬ್ಬೆಟ್ಟಿನ ಗುರುತು ಒತ್ತಿದ್ದರು. ಚಂದ್ರು ಒತ್ತಿದ್ದ, ಆಂಜಿ ಒತ್ತಿದ್ದ, ನಂದೀಶನೂ ಒತ್ತಿದ್ದ. ಕದಿರೇಶ ಅಲ್ಲಿಲ್ಲವೆಂದು ತಿಳಿದವರು ಅವರಲ್ಲಿ ಇದ್ದೇ ಇದ್ದರು. ಆದರೆ ತೋಟದವರೆಗೆ ನಡೆದು ಬಂದು ಹೇಳಿದವರು ಒಬ್ಬರೂ ಇಲ್ಲ.

“ಅಷ್ಟು ಹೆಬ್ಬೆಟ್ಟಲ್ಲಿ ನಿಂದೂ ಒಂದಿರುತ್ತೆ ಅಂದ್ಕೊಂಡೆ,” ಎಂದ ಮುನಿಕೃಷ್ಣ.

ಅಷ್ಟರಲ್ಲಿ ಕೂಗು ಕೇಳಿ ಚಂದ್ರು ಬಂದ. ಕಿಟಕಿಯಲ್ಲಿ ಫೋನು ಹಿಡಿದು ಹುಳುಗಳ ಫೋಟೋ ತೆಗೆದುಕೊಂಡ, ಬಂದ ಹಾಗೆಯೇ ಹೊರಟೇಹೋದ. ಸ್ವಲ್ಪ ಹೊತ್ತಿಗೆ ಮುನಿಕೃಷ್ಣನ ಫೋನು ಟಿಣ್ ಟಿಣ್ ಎನ್ನತೊಡಗಿತು. ಅವನು ನೋಡಿ ಫೋನನ್ನು ಮಗುಚಿ ಹಿಡಿದ.

“ಏನಂತೆ? ಓದು,” ಎಂದ ಕದಿರೇಶ.

“ಬೇಡ ಬಿಡೋ.”

“ಓದು ಅಂದೆ.”

“‘ನಮ್ಮ ಕದಿರೇಶಣ್ಣನ ಹುಳು ಕೊಂದ ಅವರ ಪಾರ್ಟಿಯ ಪಾಪಿಗಳು’ ಅಂತ ಚಂದ್ರು ಹಾಕವ್ನೆ.” ಮುನಿಕೃಷ್ಣ ಮುಂದಿನದಕ್ಕೆ ಬೆರಳು ಸರಿಸಿದ. “‘ನಮ್ಮ ಕದಿರೇಶಣ್ಣನ ನಷ್ಟದಲ್ಲಿ ಓಟು ಹುಡುಕೋ ನಾಚಿಕೆಗೆಟ್ಟವರು’ ಅಂತ ಆಂಜಿ.”

ಎರಡೂ ಕಡೆಯವರಿಗೂ ಅವನು ಈಗ ‘ನಮ್ಮ’ವನಾಗಿದ್ದ. ಕದಿರೇಶ ಬಾಗಿಲಿಂದ ದಾರಿಯ ಕಡೆ ನೋಡಿದ. ಯಾರೂ ಬರುತ್ತಿರಲಿಲ್ಲ. ತ್ರಿವೇಣಿಯ ಬಸ್ಸಿಗೂ ಇನ್ನೂ ಹೊತ್ತಿತ್ತು. ಅವನಿಗೆ ಜೋರಾಗಿ ಅಳಬೇಕೆನಿಸಿತು, ಅಳಲಿಲ್ಲ. ಕೂತು ನೆಲದ ಮೇಲಿನ ಹುಳುಗಳನ್ನು ಬುಟ್ಟಿಗೆ ಗೋರತೊಡಗಿದ.

“ಹೊರಗೆ ಯಾಕೆ ನಿಂತಿದ್ದೀಯ? ಒಳಗೆ ಬಾ,” ಎಂದ.

“ಔಷಧಿ ಹೊಡ್ದ ಮೈ ಕಣೋ ಇದು. ಹುಳು ಮನೆಗೆ ಹೆಂಗ್ ಬರ್ಲಿ?”

“ಬಾರೋ. ಇನ್ ಯಾವ ಹುಳಕ್ಕೆ ಹೆದರ್ತೀಯ?”

ಮುನಿಕೃಷ್ಣ ಚಪ್ಪಲಿ ಹೊರಗೆ ಬಿಟ್ಟ. ಬರುವವರ ಕಾಲಿನಿಂದ ಹುಳಕ್ಕೆ ರೋಗ ತಗುಲದಿರಲೆಂದು ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿಯನ್ನು ಎರಡೂ ಕಾಲಿನಿಂದ ಸರಿಯಾಗಿ ತುಳಿದು, ಮೆಲ್ಲಗೆ ಒಳಗೆ ಬಂದ.