ರೈಲುಕಂಬಿಯ ತೊಲೆ

"ನಿನ್ನೆ ಸಲೀಸಾಗಿ ಮುಚ್ತಿದ್ದ ಬಾಗಿಲು ಇವತ್ಯಾಕೆ ಮೇಲ್ಗಡೆ ಕಚ್ಚಿಕೊಳ್ತಿದೆ?"

ಮ್ವಾನಕೊಂಬೊ ಕೇಳಿದ್ದು ಯಾರನ್ನೂ ಅಲ್ಲ. ನಡುಮನೆಯಲ್ಲಿ ಅವಳೊಬ್ಬಳೇ ಇದ್ದಳು. ಇಳಿಹೊತ್ತಿನ ಅಸರ್ ನಮಾಜು ಮುಗಿದೊಡನೆ ಕಡಲತೀರದ ಟಾಂಗಾ ಊರಿನ ಆ ಕೇರಿಯ ನಲವತ್ತು ಹೆಂಗಸರು ಪ್ರವಾದಿಯ ಹುಟ್ಟನ್ನು ಹಾಡುವ ಮೌಲಿದಿ ಪದ್ಯ ಓದಲು ಬರುವವರಿದ್ದರು. ಅವರಿಗೆಂದೇ ಅಣ್ಣ ಕಿಬ್ವಾನಾ ಹೊಸ ಮಹಡಿ ಎತ್ತಿದ್ದ. ತೊಲೆಗಳಿಗೆ ಕತ್ತಾಳೆ ತೋಟದ ಗಾಡಿ ಓಡುತ್ತಿದ್ದ ಹಳೇ ರೈಲುಕಂಬಿ. ಉದ್ದ ಸಾಲದ್ದಕ್ಕೆ ಎರಡೆರಡು ತುಂಡನ್ನು ನಡುವೆ ಬೆಸೆದು, ಹಸಿರು ಬಣ್ಣ ಬಳಿದಿದ್ದ. ಅಂಥದೊಂದು ತೊಲೆ ಈ ಬಾಗಿಲಿನ ನೆತ್ತಿಯ ಮೇಲೇ ಹಾದಿತ್ತು.

ಪಲಾವಿನ ಒಲೆ ಬಿಟ್ಟು ಮಗಳು ಸೌಮು ಒಳಗೆ ಬಂದಳು. ಬಂದರಿನಲ್ಲಿ ಹಡಗಿನ ತಗಡು ಬೆಸೆಯುವವಳು ಅವಳು. ಬಾಗಿಲನ್ನು ಬಿಟ್ಟು ತೊಲೆಯನ್ನು ನೋಡಿದಳು. ಸ್ಟೂಲು ಹತ್ತಿ ಬೆಸುಗೆಯ ಅಡಿಯ ಬಣ್ಣವನ್ನು ಚಾಕುವಿನಿಂದ ಕೆರೆದಳು. ಕೂದಲೆಳೆಯಷ್ಟು ಬಿರುಕು. ತೊಲೆ ಜೋತು ಬಾಗಿಲ ಚೌಕಟ್ಟನ್ನು ಒತ್ತುತ್ತಿತ್ತು.

"ಅಮ್ಮ, ಮೇಲೆ ಯಾರೂ ಹತ್ತಬಾರದು."

ಚಾಪೆ ಹೊತ್ತು ಬಂದ ಕಿಬ್ವಾನಾ ನಕ್ಕ. "ಬಂದ್ಲಪ್ಪ ದೊಡ್ಡ ಮೇಸ್ತ್ರಿ! ನೀನು ತೊಟ್ಟಿಲಲ್ಲಿದ್ದಾಗ್ಲೇ ಮಸೀದಿ ಕಟ್ಟಿದೋನು ಕಣೆ ನಾನು. ಅರವತ್ತು ಮೂಟೆ ಸಿಮೆಂಟು ಮೂರು ದಿನ ಇದರ ಮೇಲಿತ್ತು. ಅಲುಗಾಡ್ತಾ?"

"ಸಿಮೆಂಟು ಮೂಟೆ ಮೌಲಿದಿ ಓದುತ್ತಾ ಮಾವ?"

ಮ್ವಾನಕೊಂಬೊಗೆ ತಟ್ಟನೆ ಹೊಳೆಯಿತು. ಚಿಕ್ಕಂದಿನಿಂದ ಕೇಳುತ್ತ ಬೆಳೆದ ಪದ್ಯ ಅದು. ಓದುವಾಗ ಹೆಂಗಸರು ಸಾಲಾಗಿ ಮಂಡಿಯೂರಿ, ಭುಜಕ್ಕೆ ಭುಜ ತಾಗಿಸಿ, ಕೈತಮಟೆ ದಫ್ಫಿನ ಬಡಿತಕ್ಕೆ ಒಂದೇ ಸಲ ಬಾಗುತ್ತಾರೆ, ಒಂದೇ ಸಲ ಏಳುತ್ತಾರೆ. ನಲವತ್ತು ಮೈ, ಒಂದೇ ಉಸಿರು.

"ಸುಮ್ನೆ ಕೂತ ಭಾರ ಬೇರೆ, ತಾಳಕ್ಕೆ ತೂಗೋ ಭಾರ ಬೇರೆ," ಎಂದಳು ಸೌಮು. "ತೊಲೆ ಬಗ್ಗಿದಾಗ ಎಲ್ಲಕ್ಕಿಂತ ಹೆಚ್ಚು ಜಗ್ಗೋದು ಅದರ ನಡುವಿನ ಅಡಿಭಾಗ. ನೀನು ಬೆಸೆದಿರೋದೂ ಅಲ್ಲೇ. ರೈಲುಕಂಬಿ ಗಡಸು ಕಬ್ಬಿಣ. ಮೊದಲು ಕಾಯಿಸದೆ ಬೆಸೆದ್ರೆ ಬೆಸುಗೆ ಪಕ್ಕ ಗಾಜಿನ ಥರ ಪೆಡಸಾಗುತ್ತೆ. ಹೇಳದೆ ಕೇಳದೆ ಮುರಿಯುತ್ತೆ."

"ಅಷ್ಟೇ ತಾನೆ? ನಡುವೆ ಒಂದು ಮರದ ಕಂಬ ಕೊಟ್ರಾಯ್ತು."

"ಕಂಬಕ್ಕೆ ಅಡಿಪಾಯ ಎಲ್ಲಿ ಮಾವ? ಕೆಳಗಿರೋದು ಕಡಲ ಮರಳು. ಭಾರ ಬಿದ್ರೆ ಮೊಳೆ ಥರ ಇಳಿಯುತ್ತೆ."

ಕಿಬ್ವಾನಾ ತಾನೇ ಸ್ಟೂಲು ಹತ್ತಿದ. ಬಿರುಕಿನ ಮೇಲೆ ಉಗುರಾಡಿಸಿದ. ಉಗುರು ಸಿಕ್ಕಿಕೊಂಡಿತು. ಇಳಿದವನ ಮುಖದಲ್ಲಿ ನಗು ಉಳಿದಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಬಾಗಿಲು ಇದ್ದಕ್ಕಿದ್ದಂತೆ ಬಿಗಿದರೆ, ತೊಲೆ ಜೋತರೆ, ಬೆಸುಗೆ ಬಿರಿದರೆ, ಮೊದಲು ಜನರನ್ನು ಹೊರಗೆ ಕರೆಯಿರಿ. ಆಮೇಲೆ ಬಲ್ಲ ಇಂಜಿನಿಯರನ್ನು ಕರೆಸಿ. ತುಂಡು ಕಂಬಿಗಳನ್ನು ಬೆಸೆದು ತೊಲೆ ಮಾಡಲು ಬಿಡಬೇಡಿ. ಹಳೇ ಅಡಿಪಾಯ ಹೊಸ ಮಹಡಿಯನ್ನು ಹೊರುತ್ತದೆಯೇ ಎಂದು ಕಟ್ಟುವ ಮುಂಚೆಯೇ ಕೇಳಿ. ಆ ಹೊತ್ತಿನಲ್ಲಿ ದಾಕ್ಷಿಣ್ಯ ಅಡ್ಡ ಬರುತ್ತದೆ. ಮ್ವಾನಕೊಂಬೊಗೂ ಬಂತು.

ಬೀದಿಯಲ್ಲಿ ದಫ್ಫಿನ ಸದ್ದು ಹತ್ತಿರವಾಗುತ್ತಿತ್ತು. ಕಿಬ್ವಾನಾ ದನಿ ತಗ್ಗಿಸಿದ.

"ತಂಗಿ, ಅವಳು ಹೇಳಿದ್ದು ನಿಜ. ನಾಳೇನೇ ಬಿಚ್ಚಿ ಹಾಕ್ತೀನಿ. ಇವತ್ತೊಂದಿನ ಮೇಲೇ ಓದಿಸು. ಊರೆದುರು ನನ್ನ ಮಾನ ಉಳಿಸು."

ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದವಳು ಎರಡೂ ಕೈ ಚಾಚಿ ಮೆಟ್ಟಿಲಿಗೆ ಅಡ್ಡ ನಿಂತಳು.

"ಇಲ್ಲ ಅಣ್ಣ. ಒಬ್ಬರನ್ನೂ ಹತ್ತಿಸಲ್ಲ."