ಮೈನಸ್ಸಿಗೆ ಹಾಕಿದ ಫ್ಯೂಸು

ತಪ್ಪು ಬಸಲಿಂಗನದೇ ಎಂದು ನಾನು ತೀರ್ಪು ಕೊಟ್ಟಾಗ ವ್ಯಾನಿನ ಬಾಗಿಲನ್ನೂ ತೆರೆದು ನೋಡಿರಲಿಲ್ಲ. ಅಷ್ಟು ಖಾತರಿ ನನಗೆ. ಟೆಲಿಫೋನ್ ಕಾರ್ಖಾನೆಯ ವೈರಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ರಿಟೈರಾದ ಮೇಲೂ ದೊಡ್ಡನೆಕ್ಕುಂದಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ ‘ವಾದಿರಾಜ ಸಾರ್’ ಅಂತ ನನ್ನನ್ನೇ ಕೇಳುತ್ತಾರೆ. ಕೇಳದಿದ್ದರೂ ಹೇಳುತ್ತೇನೆ ಎನ್ನುವುದು ನನ್ನ ಹೆಂಡತಿ ಪ್ರಭಾಳ ದೂರು.

ವ್ಯಾನು ಮೊದಲು ನನ್ನದೇ. ಎರಡು ವರ್ಷದ ಹಿಂದೆ ಅದನ್ನು ನಮ್ಮ ಹಿತ್ತಲ ರೂಮಿನ ಬಾಡಿಗೆದಾರ ಯಂಕಪ್ಪನಿಗೆ ಮಾರಿದೆ. ಯಾದಗಿರಿ ಕಡೆಯವನು. ಹೆಂಡತಿ ಮಹಾನಂದಾಳನ್ನೂ ಇನ್ನೂ ಐದು ಹೆಂಗಸರನ್ನೂ ದಿನಾ ಬೆಳಿಗ್ಗೆ ಕುಂದಲಹಳ್ಳಿಯ ಆಫೀಸುಗಳಿಗೆ ಕಸ ಗುಡಿಸುವ ಕೆಲಸಕ್ಕೆ ಬಿಟ್ಟು ಬರುತ್ತಾನೆ. ಮಹಾನಂದಾಳ ತಮ್ಮ ಬಸಲಿಂಗನೂ ಅವರ ಜೊತೆಗೇ ಇದ್ದ. ಹೊಸ ಕಟ್ಟಡಗಳಲ್ಲಿ ಮನೆ ವೈರಿಂಗ್ ಮಾಡುವುದು ಅವನ ಕೆಲಸ. ಹೋದ ವಾರ ಅಕ್ಕನಿಗೂ ಅವಳ ಜೊತೆಗಾತಿಯರಿಗೂ ಅನುಕೂಲವಾಗಲಿ ಎಂದು ವ್ಯಾನಿನ ಹಿಂದಿನ ಸೀಟಿನ ಬಳಿ ಮೊಬೈಲ್ ಚಾರ್ಜರ್ ಕೂರಿಸಿಕೊಟ್ಟಿದ್ದ.

ಸೋಮವಾರ ಕುಂದಲಹಳ್ಳಿ ಸಿಗ್ನಲ್ಲಿನಲ್ಲಿ ಅದೇ ಸೀಟಿನ ಕೆಳಗಿಂದ ಹೊಗೆ ಎದ್ದಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಹೇಗೋ ಇಳಿದರು. ಕೊನೆಗೆ ಇಳಿದ ಮಹಾನಂದಾಳ ಪಾದ ಸುಟ್ಟು ಬೊಬ್ಬೆ ಎದ್ದಿತು. ಯಂಕಪ್ಪ ಬ್ಯಾಟರಿಯ ವೈರು ಕಿತ್ತು ಹಾಕಿದ್ದರಿಂದ ಅಷ್ಟಕ್ಕೇ ಮುಗಿಯಿತು. ವ್ಯಾನನ್ನು ಎಳೆಸಿಕೊಂಡು ಬಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿ, ಯಾರಿಂದ ಹೀಗಾಯಿತು ಎಂದು ನನ್ನನ್ನೇ ಕೇಳಿದ.

“ಇನ್ಯಾರು, ನಿನ್ ಭಾಮೈದನೇ,” ಎಂದೆ. “ಗೋಡೆಗೆ ವೈರ್ ಪೈಪ್ ಕೂರ್ಸೋನ ಕೈಗೆ ಗಾಡಿ ಕೊಟ್ರೆ ಇನ್ನೇನಾಗತ್ತೆ? ಆರು ಜನ ಸುಟ್ಟು ಹೋಗ್ತಿದ್ರು ಕಣಯ್ಯಾ.”

ಬಸಲಿಂಗ ಅಲ್ಲೇ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ ಮಹಾನಂದಾ ತಮ್ಮನತ್ತ ನೋಡದೆಯೇ, “ಸಂಜಿ ಬಸ್ಸಿಗೆ ಊರಿಗೆ ಹೋಗಿಬಿಡಪಾ. ನಿನ್ನ ಕೈಕೆಲಸ ನೋಡಿದ್ರ ನನಗ ಅಂಜಿಕಿ ಬರ್ತದ,” ಎಂದಳು. ಅವನು ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದ. ಆಗ ನನಗೆ ಅಯ್ಯೋ ಎಂದೇನೂ ಅನಿಸಲಿಲ್ಲ. ತಕ್ಕ ಶಾಸ್ತಿಯಾಯಿತು ಎಂದುಕೊಂಡೆ.

ಯಂಕಪ್ಪ ಹೆಂಡತಿಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದ ಮೇಲೆ, ಹಾಳು ವೈರಿಂಗನ್ನೆಲ್ಲ ಕಿತ್ತು ಹೊಸದು ಹಾಕಿಕೊಡೋಣ ಎಂದು ವ್ಯಾನಿಗೆ ಕೈಹಾಕಿದೆ. ಪ್ರಭಾ ಸ್ಪ್ಯಾನರು, ಕಟರು ಎತ್ತಿ ಕೊಡುತ್ತ ಪಕ್ಕದಲ್ಲಿ ಕೂತಿದ್ದಳು. ಮೊದಲು ಚಾರ್ಜರಿನ ವೈರು ನೋಡಿದೆ. ಬಸಲಿಂಗ ಅದನ್ನು ಬ್ಯಾಟರಿಯಿಂದ ಬೇರೆಯೇ ಎಳೆದಿದ್ದ. ಪ್ಲಸ್ಸಿನಲ್ಲಿ, ಬ್ಯಾಟರಿಯ ಪಕ್ಕದಲ್ಲೇ, ಎಲ್ಲಿ ಇರಬೇಕೋ ಅಲ್ಲೇ ಫ್ಯೂಸು ಇತ್ತು. ಎಲ್ಲೂ ಒಂದು ಕಪ್ಪು ಕಲೆಯಿಲ್ಲ. ಖುಷಿಯಾಗುವ ಬದಲು ನನಗೆ ಸಿಟ್ಟೇ ಬಂತು.

ಆಮೇಲೆ ನೆಲದ ಮ್ಯಾಟು ಎತ್ತಿದೆ. ಸುಟ್ಟು ಕರಕಲಾದ ವೈರುಗಳು ಅಲ್ಲಿದ್ದವು. ಸುಡದೆ ಉಳಿದ ಕಡೆ ವೈರುಗಳನ್ನು ಜೋಡಿಸಿ ಮೇಣದ ದಾರದಿಂದ ಇಂಚಿಗೊಂದು ಗಂಟು. ಎಲ್ಲ ಗಂಟೂ ಒಂದೇ ಸಾಲಿನಲ್ಲಿ, ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ನಮ್ಮ ವಿಭಾಗದಲ್ಲಿ ಹಾಗೇ ಕಟ್ಟುತ್ತಿದ್ದೆವು. ಒಂಬತ್ತು ವರ್ಷದ ಹಿಂದೆ, ಸೆಕೆ ತಡೆಯದ ಪ್ರಭಾಳಿಗೆಂದು ಹಿಂದಿನ ಸೀಟಿಗೊಂದು ಪುಟ್ಟ ಫ್ಯಾನು ಹಾಕಿದ್ದೆ. ಇದು ಅದರ ವೈರು, ಬ್ಯಾಟರಿಯಿಂದ ನೇರವಾಗಿ ಎಳೆದದ್ದು.

ಫ್ಯೂಸು ಎಲ್ಲಿದೆ ಎಂದು ಹುಡುಕಿದೆ. ಮೈನಸ್ಸಿನಲ್ಲಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪ್ಲಸ್ಸನ್ನು ಭೂಮಿಗೆ ಕೊಡುತ್ತಾರೆ, ಫ್ಯೂಸನ್ನು ಮೈನಸ್ಸಿಗೆ ಹಾಕುತ್ತಾರೆ. ಮೂವತ್ತೊಂದು ವರ್ಷ ನನ್ನ ಕೈಗೆ ಅದೇ ರೂಢಿ. ಗಾಡಿಯಲ್ಲಿ ಎಲ್ಲ ತಿರುವುಮುರುವು. ಗಾಡಿಯ ತಗಡಿನ ಮೈಯೇ ಮೈನಸ್ಸು. ಸೀಟಿನ ಬೋಲ್ಟಿಗೆ ಉಜ್ಜಿ ಉಜ್ಜಿ ಸಿಪ್ಪೆ ಸವೆದ ನನ್ನ ಪ್ಲಸ್ ವೈರು ಆ ತಗಡಿಗೆ ತಾಗಿದೆ. ಕರೆಂಟೆಲ್ಲ ಫ್ಯೂಸಿನ ದಾರಿಗೇ ಬರದೆ ತಗಡಿನಲ್ಲೇ ಹರಿದಿದೆ. ತಾಗಿದ್ದು ಫ್ಯೂಸಿಗೆ ಗೊತ್ತೇ ಆಗಿಲ್ಲ.

ಕಟರು ಕೈಯಲ್ಲೇ ಇತ್ತು. ಪ್ರಭಾಳನ್ನು ಬಿಟ್ಟರೆ ಬೀದಿಯಲ್ಲಿ ಯಾರೂ ಇರಲಿಲ್ಲ. ಎರಡು ಕಡೆ ಕತ್ತರಿಸಿ ಕಸದ ಗಾಡಿಗೆ ಎಸೆದರೆ ಮುಗಿಯಿತು, ಸಂಜೆಗೆ ಎಲ್ಲರೂ ನನಗೇ ಕೈಮುಗಿಯುತ್ತಾರೆ. ಹಾಗೆ ಯೋಚಿಸಿದೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

“ಇದು ನನ್ ಫ್ಯಾನಿಂದಲ್ವೇನ್ರೀ?” ಎಂದಳು ಪ್ರಭಾ.

“ಹೂಂ.”

“ಅವನ ಬಸ್ಸು ಎಷ್ಟೊತ್ತಿಗೆ?”

ನಾನು ಕಟರನ್ನು ಹಿಡಿದುಕೊಂಡೇ ಎದ್ದು ಹಿತ್ತಲಿಗೆ ಹೋದೆ.

ಯಂಕಪ್ಪನೂ ಮಹಾನಂದಾಳೂ ಆಗತಾನೇ ಡಾಕ್ಟರ ಬಳಿಯಿಂದ ಹಿಂದಿನ ಓಣಿ ಹಿಡಿದು ಬಂದಿದ್ದರು. ಬಸಲಿಂಗ ಚೀಲ ಹೆಗಲಿಗೇರಿಸಿ ಹೊಸಿಲ ಬಳಿ ನಿಂತಿದ್ದ. ಮೂವರ ಎದುರೂ ಹೇಳಿದೆ. “ಇವನ ಚಾರ್ಜರಿಂದ ಏನೂ ಆಗಿಲ್ಲ. ಸುಟ್ಟಿದ್ದು ನಾನು ಹಾಕಿದ ವೈರು. ಫ್ಯೂಸ್ ಮೈನಸ್ಸಿಗೆ ಹಾಕ್ಬಿಟ್ಟಿದ್ದೆ. ನೋಡ್ದೇನೇ ಇವನ ಮೇಲೆ ಹೇಳ್ದೆ. ತಪ್ಪಾಯ್ತು ಕಣಮ್ಮ.”

ಮಹಾನಂದಾ ಪಟ್ಟಿ ಕಟ್ಟಿದ ಕಾಲನ್ನೂ ತಮ್ಮನನ್ನೂ ನೋಡಿದಳು. ಆಮೇಲೆ ಅವನ ಚೀಲದ ಪಟ್ಟಿಯನ್ನು ಹಿಡಿದುಕೊಂಡು ಅಳಲು ಶುರುಮಾಡಿದಳು. ಯಂಕಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

“ಆ ಫ್ಯೂಸು ನಾ ನೋಡಿದ್ನಿರಿ ಸಾರ್,” ಎಂದ ಬಸಲಿಂಗ, ತಲೆಯೆತ್ತದೆ. “ಚಾರ್ಜರ್ ಕೂಡ್ಸುವಾಗ.”

“ನೋಡಿದ್ಯಾ? ಮತ್ತೆ ಯಾಕೋ ಹೇಳ್ಲಿಲ್ಲ?”

“ಗಂಟು ಭಾಳ ಚಂದ ಕಟ್ಟಿದ್ರಿ. ಇಷ್ಟು ಚಂದ ಕಟ್ಟಿದವ್ರು ತಪ್ಪು ಮಾಡಂಗಿಲ್ಲ, ನನಗೇ ತಿಳಿದಿಲ್ಲ ಅನ್ಕೊಂಡೆ.”

ಆ ಗಂಟುಗಳನ್ನು ಯಾರಾದರೂ ಹೊಗಳಲಿ ಎಂದು ಸರ್ವಿಸಿನುದ್ದಕ್ಕೂ ಆಸೆಪಟ್ಟವನು ನಾನು. ಕೊನೆಗೂ ಒಬ್ಬ ಹೊಗಳಿದ. ನನಗೆ ಅವನ ಮುಖ ನೋಡಲಾಗಲಿಲ್ಲ. ಕಟರನ್ನು ಅವನತ್ತ ಚಾಚಿ, “ಬಾಪ್ಪಾ, ಅದನ್ನ ನೀನೇ ಕತ್ತರಿಸು. ಹೊಸದನ್ನೂ ನೀನೇ ಹಾಕು,” ಎಂದೆ.

ಬಸಲಿಂಗ ಅಕ್ಕನನ್ನು ನೋಡಿದ. ಅವಳು ಅವನ ಹೆಗಲಿನಿಂದ ಚೀಲವನ್ನು ಇಳಿಸಿಕೊಂಡಳು.